ತುಟಿ ತಿರುಗುವುದಿಲ್ಲ

ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ
ಅಚ್ಚಿನ ಯಂತ್ರ ಧಡ್ಡೆಂದು ಬೀಳುವ ಕಡೆ
ಯಾರಿಗೂ ಕಿವಿ ಇರಲಿಲ್ಲ.
ಹೆಂಗಸರು ಬಾಯಗಲಿಸಿ, ದನಿ ತೆಗೆಯದೆ,
ಗಂಜಿಗೆ ಬಾ, ಮೇಸ್ತ್ರಿ ಬಂದ, ಸೆರಗು ಸಿಕ್ಕೀತು ನೋಡು
ಎಂದುಕೊಳ್ಳುತ್ತಿದ್ದರು.
ಹುಟ್ಟುಕಿವುಡಿ ಸೇಸಿ, ನನ್ನಜ್ಜಿಯ ತಂಗಿ,
ಅಲ್ಲಿ ಮಾತ್ರ ಎಲ್ಲರಷ್ಟೇ ಕೇಳಿಸಿಕೊಂಡವಳು.

ಪಕ್ಕದ ಮಣೆಯಲ್ಲಿ ಲೊಕಾಡಿ.
ಇಗರ್ಜಿಯ ಪುಸ್ತಕದಲ್ಲಿ ಲಿಯೊಕಾಡಿಯಾ;
ಬೋಳಾರದ ಓಣಿಯಲ್ಲಿ ಮೂಗಿನ ತುದಿಗೂ ಕೆಮ್ಮಣ್ಣು.
ಹದಿನೆಂಟಕ್ಕೆ, ಬಟವಾಡೆಯ ದಿನ,
ಚಿಲ್ಲರೆ ಸೊಂಟಕ್ಕೆ ಸಿಕ್ಕಿಸಿ
ಬಂದರಿನಲ್ಲಿ ಬೊಂಬಾಯಿಯ ಹಡಗು ಹತ್ತಿದಳು.
ಆಯಾ ಕೆಲಸ ಅಂತ.

ಮೂರು ವರ್ಷದ ಮೇಲೆ ಮೈದಾನಕ್ಕೆ ಡೇರೆ ಬಂತು.
ಒದ್ದೆ ಪರದೆಯ ಹಿಂದೆ ಕೂತರೆ ಅರ್ಧ ದುಡ್ಡು,
ಅಕ್ಷರವೆಲ್ಲ ಹಿಂದುಮುಂದು.
ಸೇಸಿಗೇನು?
ಅಕ್ಷರ ತಿರುಗುತ್ತದೆ. ತುಟಿ ತಿರುಗುವುದಿಲ್ಲ.

ಬಂದಳು ಮಿಸ್ ನೀಲಾಂಜನಾ.
ಕಿರೀಟ, ಮುತ್ತಿನ ಬೈತಲೆಬೊಟ್ಟು, ಮಣ್ಣಿಲ್ಲದ ಮೂಗು.
ರಾಜಕುಮಾರನ ಎದೆಗೊರಗಿ, ಕಣ್ಣು ತುಂಬಿ, ಏನೋ ಅಂದಳು.
ಕೋಲು ಹಿಡಿದು ಓದಿ ಹೇಳುವವನು ನಡುಗಿದ:
"ಪ್ರಾಣನಾಥಾ, ನೀವಿಲ್ಲದೆ ಈ ಜೀವ ಉಂಟೇ!"
ಹಾರ್ಮೋನಿಯಂ ಅತ್ತಿತು. ಡೇರೆ ಅತ್ತಿತು.
ಪರದೆಯ ಹಿಂದೆ ಒಬ್ಬಳು ಹೊಟ್ಟೆ ಹಿಡಿದು ನಗುತ್ತಿದ್ದಳು.
ನಾಯಕಿ ಅಂದದ್ದು, ಓಣಿಯ ಅಪ್ಪಟ ತುಳುವಿನಲ್ಲಿ,
ನಿನ್ನ ಬಾಯಿ ನೀರುಳ್ಳಿ ನಾತ ಮಾರಾಯ, ಅತ್ತ ತಿರುಗು.

ಆಮೇಲೆ ಒಂದು ಆಟ ಬಿಡಲಿಲ್ಲ ಸೇಸಿ.
ಚಿತೆಗೆ ಕೈಮುಗಿದು: ಕಟ್ಟಿಗೆ ಹಸಿ, ಹೊಗೆ ಮಾತ್ರ.
ಶಾಪ ಹಾಕುತ್ತ: ಸೇಠ ಎರಡು ತಿಂಗಳ ಸಂಬಳ ಕೊಟ್ಟಿಲ್ಲ.
ಕುದುರೆಯ ಮೇಲೆ: ಅಯ್ಯೋ ನನ್ನ ಸೊಂಟ.
ಕತ್ತಿವರಸೆ ಕಲಿಸುವವನನ್ನು ಕಟ್ಟಿಕೊಂಡೆ, ಅಂತ
ಋಷಿಯೊಬ್ಬನ ಪಾದ ತೊಳೆಯುವಾಗ ಹೇಳಿದಳು;
ಅವನಿಗೆ ಕೈ ಮುಂದು, ಅಂತ ಮರುವರ್ಷ,
ಪಾರಿವಾಳಕ್ಕೆ ಓಲೆ ಕಟ್ಟುತ್ತ.
ಅಂಚೆಚೀಟಿ ಇಲ್ಲದ ಕಾಗದಗಳು.

ಒಮ್ಮೆ ಉಯ್ಯಾಲೆಯಲ್ಲಿ, ಸಖಿಯರ ನಡುವೆ, ನಗುನಗುತ್ತ:
ಮೂರು ತಿಂಗಳದ್ದು, ನಿನ್ನೆ ಇಳಿದುಹೋಯಿತು.

ಸೇಸಿ ಎದ್ದು ಹೊರಗೆ ಹೋಗಿ ಮರಳಲ್ಲಿ ಕೂತಳಂತೆ.
ಮನೆಯಲ್ಲಿ ಕೈಯಿಂದ ತೋರಿಸಿದಳು:
ಹೊಟ್ಟೆ, ರಕ್ತ, ಉಯ್ಯಾಲೆ.
ಪಾಪ, ಇದಕ್ಕೆ ಕತೆ ಅರ್ಥವಾಗಲಿಲ್ಲ, ಎಂದರು.

ಕೊನೆಯದರಲ್ಲಿ ಅವಳು ದೇವತೆ.
ಹತ್ತಿಯ ಮೋಡದಿಂದ ಇಳಿದು, ಕೈ ಎತ್ತಿ, ನೇರ ಇತ್ತ ನೋಡಿ
ಎನನ್ ಲೆತೊಂದು ಪೋಲೆ.
ಕರಕೊಂಡು ಹೋಗಿ ನನ್ನನ್ನು.
ಕೋಲಿನವನು ಘೋಷಿಸಿದ: "ಭಕ್ತಾ, ಬೇಡು ವರವನ್ನು!"

ಆರು ವಾರದ ಕೂಲಿ ಕೂಡಿಟ್ಟು
ಸೇಸಿ ಬಂದರಿನ ಟಿಕೇಟಿನ ಕಿಟಕಿಗೆ ಹೋದಳು.
ಗುಮಾಸ್ತನಿಗೆ ಬಾಯಿ ಮುಚ್ಚುವಷ್ಟು ಮೀಸೆ.
ಏನೋ ಕೇಳಿದ. ಮತ್ತೆ ಕೇಳಿದ.
ಮೀಸೆ ಅಲ್ಲಾಡಿದ್ದಷ್ಟೇ ಕಂಡಿತು.
ಹಿಂದಿನವರು ನೂಕಿದರು. ಮನೆಗೆ ಬಂದಳು.

ಅಷ್ಟರಲ್ಲಿ ಚಿತ್ರಗಳಿಗೆ ಬಾಯಿ ಬಂತು.
ಹೆಂಚಿನ ಧೂಳು ಕುಡಿದ ಗಂಟಲನ್ನು
ಮೈಕಿನ ಮುಂದೆ ನಿಲ್ಲಿಸಿದರಂತೆ,
ಅರ್ಧ ವಾಕ್ಯಕ್ಕೆ ಸೇಠ ಊಟಕ್ಕೆದ್ದನಂತೆ.
ಒಡವೆ ಗಂಡನ ಕಡೆ. ಹೆಸರು ಸೇಠನದು.
ಒಂದು ಟ್ರಂಕು ಹಿಡಿದು, ಯಾರೂ ಕರೆಯಲು ಹೋಗದೆ,
ಲೊಕಾಡಿ ತಾನೇ ಇಳಿದಳು.

ನಾನು ಕಂಡದ್ದು ಇಬ್ಬರು ಮುದುಕಿಯರನ್ನು.
ಬೋಳಾರದ ಹೊಳೆದಂಡೆಯಲ್ಲಿ, ಮಗುಚಿದ ದೋಣಿಯ ಮೇಲೆ,
ಬಂಗುಡೆಯ ಕ್ರಯಕ್ಕೆ ಸದ್ದಿಲ್ಲದೆ ಜಗಳ.
ಒಬ್ಬಳು ಮುನಿದರೆ ಕಣ್ಣು ಮುಚ್ಚುವಳು,
ಅಲ್ಲಿಗೆ ಮಾತು ಮುಗಿಯಿತು.

ಲೊಕಾಡಿ ಹೋದ ವರ್ಷ ಸೇಸಿಯನ್ನು ಕೇಳಿದೆ, ನಿಧಾನ, ಬಾಯಗಲಿಸಿ:
ಅವಳ ದನಿ ಅಷ್ಟು ಕೆಟ್ಟದಿತ್ತಾ?

ಅಜ್ಜಿ ನನ್ನ ತುಟಿಯನ್ನೇ ನೋಡಿದಳು,
ಎಲ್ಲೋ ತಪ್ಪು ಓದಿದೆನೇನೋ ಎಂಬಂತೆ.
ದನಿ?
ಅವಳಿಗೆ ದನಿ ಬೇರೆ ಇತ್ತಾ?